ಲೂಯಿಸ್ ಊರಿನ ಹೆಣ್ಣುಮಕ್ಕಳ ಫುಟ್‌ಬಾಲ್: ಒಂದೇ ಮೈದಾನ, ಒಂದೇ ಬಜೆಟ್

ಈ ಲೇಖನವನ್ನು ಎರಡು ಇಸವಿಗಳಿಂದ ಶುರು ಮಾಡೋಣ: 1885 ಮತ್ತು 2002. ಇಂಗ್ಲೆಂಡಿನ ದಕ್ಷಿಣದಲ್ಲಿರುವ ಲೂಯಿಸ್ ಎಂಬ ಪುಟ್ಟ ಊರಿನಲ್ಲಿ ಗಂಡಸರ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1885ರಲ್ಲಿ. ಅದೇ ಕ್ಲಬ್ಬಿಗೆ ಹೆಣ್ಣುಮಕ್ಕಳ ತಂಡ ಬಂದದ್ದು 2002ರಲ್ಲಿ. ನಡುವೆ 117 ವರ್ಷ. ಆದರೆ 2002ರಿಂದ ಕೇವಲ ಹದಿನೈದು ವರ್ಷದಲ್ಲಿ ಇದೇ ಕ್ಲಬ್ಬು ಇಡೀ ಫುಟ್‌ಬಾಲ್ ಲೋಕ ತಿರುಗಿ ನೋಡುವಂಥ ಒಂದು ತೀರ್ಮಾನ ತೆಗೆದುಕೊಂಡಿತು. ಗಂಡಸರ ತಂಡಕ್ಕೆ ಎಷ್ಟು ದುಡ್ಡೋ, ಹೆಂಗಸರ ತಂಡಕ್ಕೂ ಅಷ್ಟೇ ದುಡ್ಡು.

117 ವರ್ಷ ತಡ ಯಾಕಾಯ್ತು? ಆಮೇಲೆ ಇಷ್ಟು ದೊಡ್ಡ ಹೆಜ್ಜೆ ಇಡೋಕೆ ಹೇಗೆ ಸಾಧ್ಯವಾಯ್ತು? ಆ ಹೆಜ್ಜೆಯಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಲೂಯಿಸ್ ಕ್ಲಬ್ಬಿನ ಇತಿಹಾಸ ಓದೋಣ. ಫುಟ್‌ಬಾಲ್ ಗೊತ್ತಿಲ್ಲದವರೂ ಧೈರ್ಯವಾಗಿ ಓದಬಹುದು. ಇದರಲ್ಲಿ ಚೆಂಡಿಗಿಂತ ಲೆಕ್ಕಪುಸ್ತಕದ ಮಾತೇ ಜಾಸ್ತಿ.

ಊರಿನ ಪರಿಚಯ

ಲೂಯಿಸ್ ಇರುವುದು ಪೂರ್ವ ಸಸೆಕ್ಸ್ ಕೌಂಟಿಯಲ್ಲಿ, ಬ್ರೈಟನ್ ನಗರದ ಪಕ್ಕ. ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಫಾಲ್ಮರ್ ಸ್ಟೇಷನ್ನಿನಲ್ಲಿ ಬ್ರೈಟನ್ನಿಗೆ ಬೆನ್ನು ಹಾಕಿ ಹೊರಡುವ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಲೂಯಿಸ್. ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ಹರಿಯುವ ಊಸ್ ನದಿ, ಮೇಲೊಂದು ಹಳೆಯ ಕೋಟೆ. ಜನಸಂಖ್ಯೆ ಸುಮಾರು 17 ಸಾವಿರ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಸಣ್ಣ ತಾಲ್ಲೂಕು ಕೇಂದ್ರ.

ಈ ಊರಿಗೆ ಸ್ವಲ್ಪ ಮೊಂಡುತನದ ಹೆಸರಿದೆ. ಪ್ರತಿ ವರ್ಷ ನವೆಂಬರ್ 5ರ ರಾತ್ರಿ ಇಲ್ಲಿ ನಡೆಯುವ ಪಂಜಿನ ಮೆರವಣಿಗೆ ದೇಶದಲ್ಲೇ ಹೆಸರುವಾಸಿ. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಅಮೆರಿಕದ ಸ್ವಾತಂತ್ರ್ಯಕ್ಕೆ ತನ್ನ ಬರಹದಿಂದ ಬಲ ಕೊಟ್ಟ ಥಾಮಸ್ ಪೇನ್, ಅಮೆರಿಕಕ್ಕೆ ಹೋಗುವ ಮೊದಲು 1768ರಿಂದ 1774ರವರೆಗೆ ಲೂಯಿಸ್‌ನಲ್ಲಿದ್ದ. ಆಗ ಅವನದು ಸುಂಕದ ಅಧಿಕಾರಿಯ ಕೆಲಸ. 1772ರಲ್ಲಿ ಅವನು ಬರೆದ ಮೊದಲ ಮುಖ್ಯ ಕರಪತ್ರದ ವಿಷಯ ಏನು ಗೊತ್ತಾ? ಸುಂಕದ ನೌಕರರಿಗೆ ಸಂಬಳ ಸಾಲದು, ಹೆಚ್ಚು ಮಾಡಿ ಅಂತ. ಸಂಬಳ ನ್ಯಾಯವಾಗಿರಬೇಕು ಎಂಬ ವಾದ ಈ ಊರಿಗೆ ಹೊಸದೇನಲ್ಲ.

ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಕ್ಲಬ್ಬಿನ ಮೈದಾನವಿದೆ. ಹೆಸರು ಡ್ರಿಪ್ಪಿಂಗ್ ಪ್ಯಾನ್. ಸುತ್ತ ಹುಲ್ಲಿನ ದಿಬ್ಬ, ನಡುವೆ ಬಾಣಲೆಯ ಹಾಗೆ ತಗ್ಗಾದ ಜಾಗ. ಪಕ್ಕದಲ್ಲಿದ್ದ ಮಠದ ಸನ್ಯಾಸಿಗಳು ಹಿಂದೆ ಇಲ್ಲಿ ಉಪ್ಪು ತೆಗೆಯುತ್ತಿದ್ದರು ಎಂಬ ಕಥೆಯೂ ಊರಲ್ಲಿದೆ. ಸುಮಾರು ಮೂರು ಸಾವಿರ ಜನ ಹಿಡಿಯುತ್ತಾರೆ. ಕೆಂಪು-ಕಪ್ಪು ಕ್ಲಬ್ಬಿನ ಬಣ್ಣ. ಅಡ್ಡಹೆಸರು ರೂಕ್ಸ್, ಅಂದರೆ ಕಾಗೆಯ ಜಾತಿಗೆ ಸೇರಿದ ಒಂದು ಹಕ್ಕಿ. ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಗಾಜಿನ ವಿಐಪಿ ಕೋಣೆಗಳಿದ್ದರೆ ಇಲ್ಲಿ ಸಮುದ್ರ ತೀರದ ಮರದ ಗುಡಿಸಲುಗಳನ್ನೇ ತಂದು ಸಾಲಾಗಿ ಇಟ್ಟಿದ್ದಾರೆ.

ಮೊದಲ ಪ್ರಶ್ನೆ: 117 ವರ್ಷ ತಡ ಏಕೆ?

ಇದಕ್ಕೆ ಉತ್ತರ ಲೂಯಿಸ್‌ನಲ್ಲಿಲ್ಲ, ಇಡೀ ಇಂಗ್ಲೆಂಡಿನ ಇತಿಹಾಸದಲ್ಲಿದೆ. ಹಾಗಾಗಿ ಸ್ವಲ್ಪ ಹೊತ್ತು ಉತ್ತರಕ್ಕೆ, ಪ್ರೆಸ್ಟನ್ ಪಟ್ಟಣಕ್ಕೆ ಹೋಗಿ ಬರೋಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಮದ್ದುಗುಂಡು ತಯಾರಿಸುವ ಕಾರ್ಖಾನೆಗಳಲ್ಲಿ ಊಟದ ಬಿಡುವಿನಲ್ಲಿ ಚೆಂಡು ಒದೆಯುವುದು ಶುರುವಾಗಿ, ಅದೇ ತಂಡಗಳಾಗಿ ಬೆಳೆಯಿತು. ಪ್ರೆಸ್ಟನ್ನಿನ ಡಿಕ್, ಕೆರ್ ಕಾರ್ಖಾನೆಯ ಹುಡುಗಿಯರ ತಂಡ ಇವುಗಳಲ್ಲೆಲ್ಲ ಹೆಚ್ಚು ಹೆಸರು ಮಾಡಿತು. 1917ರ ಕ್ರಿಸ್‌ಮಸ್ ದಿನ ಅವರ ಪಂದ್ಯಕ್ಕೆ ಸುಮಾರು 10 ಸಾವಿರ ಜನ ಸೇರಿದ್ದರು. ಟಿಕೆಟ್ ದುಡ್ಡು ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹೋಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಇದೇ ತಂಡ ಸೇಂಟ್ ಹೆಲೆನ್ಸ್ ಊರಿನ ಹೆಂಗಸರ ತಂಡದ ಎದುರು ಆಡಿದಾಗ ಮೈದಾನದೊಳಗೆ 53 ಸಾವಿರ ಜನ. ಜಾಗ ಸಾಲದೆ ಸಾವಿರಾರು ಜನ ಗೇಟಿನ ಹೊರಗೇ ಉಳಿದರು.

"ಹೆಂಗಸರ ಆಟ ನೋಡೋಕೆ ಯಾರು ಬರ್ತಾರೆ?" ಎಂಬ ಮಾತು ನಾವು ಇವತ್ತೂ ಕೇಳುತ್ತೇವಲ್ಲ, ಅದಕ್ಕೆ 1920ರಲ್ಲೇ ಉತ್ತರ ಸಿಕ್ಕಿತ್ತು.

ಆದರೆ ಮುಂದಿನ ವರ್ಷವೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಅದನ್ನು ಪ್ರೋತ್ಸಾಹಿಸಬಾರದು ಎಂದಿತು. ದಾನಕ್ಕೆಂದು ಕೂಡಿಸಿದ ಹಣದ ಖರ್ಚು ಸರಿಯಾಗಿಲ್ಲ ಎಂಬ ದೂರನ್ನೂ ಜೊತೆಗೆ ಸೇರಿಸಿತು. ತನ್ನ ಸದಸ್ಯ ಕ್ಲಬ್ಬುಗಳು ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಕೂಡದು ಎಂದು ಆಜ್ಞೆ ಹೊರಡಿಸಿತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಹೆಂಗಸರು ಫುಟ್‌ಬಾಲ್ ಆಡಲೇಬಾರದು ಎಂದು ಅಸೋಸಿಯೇಷನ್ ಹೇಳಲಿಲ್ಲ. ಹಾಗೆ ಹೇಳುವ ಅಧಿಕಾರವೂ ಅದಕ್ಕಿರಲಿಲ್ಲ. ಗಿಡ ಕೀಳಲಿಲ್ಲ, ನೀರು ನಿಲ್ಲಿಸಿದರು. ಒಳ್ಳೆಯ ಮೈದಾನಗಳೆಲ್ಲ ಸದಸ್ಯ ಕ್ಲಬ್ಬುಗಳ ಕೈಯಲ್ಲಿದ್ದವು. ಮೈದಾನ ಇಲ್ಲದಿದ್ದರೆ ಗ್ಯಾಲರಿ ಇಲ್ಲ, ಗ್ಯಾಲರಿ ಇಲ್ಲದಿದ್ದರೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದಿದ್ದರೆ ದುಡ್ಡಿಲ್ಲ, ದುಡ್ಡಿಲ್ಲದಿದ್ದರೆ ಮುಂದಿನ ಪೀಳಿಗೆಯ ಆಟಗಾರ್ತಿಯರಿಲ್ಲ. ಡಿಕ್, ಕೆರ್ ತಂಡ 1922ರಲ್ಲಿ ಅಮೆರಿಕ ಪ್ರವಾಸ ಮಾಡಿ ಅಲ್ಲಿನ ಗಂಡಸರ ತಂಡಗಳ ಜೊತೆ ಆಡಿತು, ಹೆಸರು ಬದಲಿಸಿಕೊಂಡು 1965ರವರೆಗೂ ಉಳಿಯಿತು. ಆದರೆ 53 ಸಾವಿರದ ಆ ಜನಸಾಗರ ಅವರಿಗೆ ಮತ್ತೆ ಸಿಗಲಿಲ್ಲ.

1969ರಲ್ಲಿ ಮಹಿಳೆಯರದೇ ಆದ ಫುಟ್‌ಬಾಲ್ ಸಂಘ ಹುಟ್ಟಿತು. 1971ರಲ್ಲಿ ನಿಷೇಧ ಕೊನೆಗೊಂಡಿತು. ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು. ಫುಟ್‌ಬಾಲ್ ಅಸೋಸಿಯೇಷನ್ ಮಹಿಳಾ ಆಟದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡದ್ದು ಇನ್ನೂ ತಡವಾಗಿ, 1993ರಲ್ಲಿ. ಈಗ ಲೂಯಿಸ್‌ಗೆ ವಾಪಸ್ ಬಂದರೆ 2002 ಅಷ್ಟೊಂದು ತಡ ಅನ್ನಿಸುವುದಿಲ್ಲ. ಐವತ್ತು ವರ್ಷ ಬಾಗಿಲು ಮುಚ್ಚಿದ್ದ ಮನೆಯಲ್ಲಿ ದೀಪ ಹಚ್ಚೋಕೆ ಸ್ವಲ್ಪ ಸಮಯ ಬೇಕೇ ಬೇಕು.

ಎರಡನೆಯ ಪ್ರಶ್ನೆ: ಆ ತೀರ್ಮಾನ ಹೇಗೆ ಸಾಧ್ಯವಾಯಿತು?

ಇದಕ್ಕೆ ಉತ್ತರ ಒಂದು ಸಾಲದ ಕಥೆಯಲ್ಲಿದೆ. 2008ರಲ್ಲಿ ಲೂಯಿಸ್ ಗಂಡಸರ ತಂಡ ತನ್ನ ಲೀಗ್ ಗೆದ್ದು ದೇಶದ ಐದನೆಯ ಹಂತಕ್ಕೆ ಏರಿತು. (ಪ್ರೀಮಿಯರ್ ಲೀಗ್ ಮೊದಲನೆಯ ಹಂತ ಎಂದು ಇಟ್ಟುಕೊಂಡು ಎಣಿಸಿ.) ಸಣ್ಣ ಊರಿಗೆ ಅದು ದೊಡ್ಡ ಎತ್ತರ. ಒಂದೇ ವರ್ಷದಲ್ಲಿ ತಂಡ ಕೆಳಗಿಳಿಯಿತು. ತೆರಿಗೆ ಬಾಕಿ ಬೆಳೆದು ಕ್ಲಬ್ಬನ್ನೇ ಮುಚ್ಚಬೇಕಾದ ಪರಿಸ್ಥಿತಿ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆ ಗಾದೆ ಮರೆತ ಕ್ಲಬ್ಬುಗಳಿಗೆ ಇಂಗ್ಲೆಂಡಿನಲ್ಲಿ ಬರಗಾಲವಿಲ್ಲ.

2010ರ ಜುಲೈನಲ್ಲಿ ಊರಿನ ಕೆಲವು ಅಭಿಮಾನಿಗಳು ಸೇರಿ ಕ್ಲಬ್ಬನ್ನು ವಹಿಸಿಕೊಂಡರು. ಅದನ್ನು ಸಮುದಾಯದ ಒಡೆತನದ ಸಂಸ್ಥೆಯನ್ನಾಗಿ ಮಾಡಿದರು. ನಿಗದಿಯಾದ ಸಣ್ಣ ಮೊತ್ತ ಕೊಟ್ಟರೆ ಯಾರು ಬೇಕಾದರೂ ಒಡೆಯರಾಗಬಹುದು. ಎಷ್ಟೇ ದುಡ್ಡು ಹಾಕಿದರೂ ಒಬ್ಬರಿಗೆ ಒಂದೇ ವೋಟು. ನಮ್ಮ ಹಳ್ಳಿಗಳ ಹಾಲಿನ ಸಹಕಾರ ಸಂಘವನ್ನು ನೆನಪಿಸಿಕೊಳ್ಳಿ. ಹತ್ತು ಹಸು ಇರುವವನಿಗೂ ಒಂದು ಎಮ್ಮೆ ಇರುವವಳಿಗೂ ಮತ ಒಂದೇ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಒಡೆತನ ಯಾಕೆ ಮುಖ್ಯ? ಒಬ್ಬ ಧನಿಕನ ಕೈಯಲ್ಲಿರುವ ಕ್ಲಬ್ಬಿನಲ್ಲಿ ಮಹಿಳಾ ತಂಡ ಅವನ ಮರ್ಜಿಯ ಮೇಲೆ ನಿಂತಿರುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ಕ್ಲಬ್ಬೇ 2005ರಲ್ಲಿ ತನ್ನ ಮಹಿಳಾ ತಂಡವನ್ನು ಮುಚ್ಚಿತು. ಮತ್ತೆ ದೊಡ್ಡವರ ತಂಡ ಕಟ್ಟಿದ್ದು 2018ರಲ್ಲಿ. ಹದಿಮೂರು ವರ್ಷ! ಜಗತ್ತಿನ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದಕ್ಕೆ ದುಡ್ಡಿರಲಿಲ್ಲ ಅಂತ ಯಾರೂ ಹೇಳಲಾರರು. ಒಡೆಯರು ಸಾವಿರಾರು ಜನರಿದ್ದು, ಅವರಲ್ಲಿ ಹೆಣ್ಣುಮಕ್ಕಳ ತಂದೆತಾಯಂದಿರು, ಟೀಚರುಗಳು, ನಿವೃತ್ತರು, ತಾವೇ ಆಡಿದ ಹೆಂಗಸರು ಇದ್ದರೆ ಪ್ರಶ್ನೆ ಬೇರೆಯಾಗುತ್ತದೆ. "ಇದು ನಮ್ಮೂರ ಕ್ಲಬ್ ಅಂತೀವಿ. ಊರಲ್ಲಿ ಅರ್ಧ ಜನ ಹೆಂಗಸರು. ಹಾಗಾದ್ರೆ ದುಡ್ಡಿನಲ್ಲಿ ಅರ್ಧ ಎಲ್ಲಿ?" ಎಂದು ಕೇಳಲು ಅಲ್ಲಿ ಜಾಗ ಇರುತ್ತದೆ.

2017ರ ಜುಲೈನಲ್ಲಿ ಲೂಯಿಸ್ ಆ ಪ್ರಶ್ನೆಗೆ ಉತ್ತರ ಕೊಟ್ಟಿತು. ಈಕ್ವಾಲಿಟಿ ಎಫ್‌ಸಿ ಎಂಬ ಹೆಸರಿನ ಅಭಿಯಾನ ಘೋಷಿಸಿ, ಗಂಡಸರ ಮತ್ತು ಹೆಂಗಸರ ಮೊದಲ ತಂಡಗಳಿಗೆ ಸಮಾನ ಬಜೆಟ್ ಕೊಡುತ್ತೇವೆ ಎಂದಿತು. ಸಂಬಳ ಕೊಟ್ಟು ಆಡಿಸುವ ಕ್ಲಬ್ಬುಗಳಲ್ಲಿ ಹೀಗೆ ಮಾಡಿದ ಮೊದಲ ಕ್ಲಬ್ ಎಂದು ಇದು ಹೆಸರಾಯಿತು.

ಸಮಾನ ಎಂದರೆ ಏನು?

ಇಲ್ಲಿ ಗೊಂದಲ ಬೇಡ. ಪ್ರತಿಯೊಬ್ಬ ಆಟಗಾರನಿಗೂ ಪ್ರತಿಯೊಬ್ಬ ಆಟಗಾರ್ತಿಗೂ ಒಂದೇ ಸಂಬಳ ಎಂದು ಇದರ ಅರ್ಥವಲ್ಲ. ಒಂದೇ ತಂಡದೊಳಗೂ ಅನುಭವ, ಸ್ಥಾನ ನೋಡಿ ಸಂಬಳ ಹೆಚ್ಚುಕಡಿಮೆ ಇರುತ್ತದೆ. ಸಮಾನವಾದದ್ದು ಒಟ್ಟು ಮೊತ್ತ: ಆಟಗಾರರಿಗೆಂದು ಎತ್ತಿಡುವ ಹಣ. ಅದರ ಜೊತೆಗೆ ತರಬೇತಿಯ ಸೌಲಭ್ಯ, ಪ್ರಚಾರ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮೈದಾನ. ಎರಡೂ ತಂಡಕ್ಕೆ ಅದೇ ಡ್ರಿಪ್ಪಿಂಗ್ ಪ್ಯಾನ್. 1921ರಲ್ಲಿ ಕಿತ್ತುಕೊಂಡದ್ದು ಏನೆಂದು ನೆನಪಿದೆಯಲ್ಲ? ಅದನ್ನೇ ವಾಪಸ್ ಕೊಟ್ಟರು.

"ಗಂಡಸರ ತಂಡದ ದುಡ್ಡು ಕಿತ್ತು ಇವರಿಗೆ ಕೊಟ್ರೆ ಗಂಡಸರ ತಂಡ ಮುಳುಗುತ್ತೆ" ಎಂಬುದು ಇಂಥ ಮಾತು ಎದ್ದಾಗ ಎಲ್ಲೆಡೆ ಕೇಳಿಬರುವ ಆಕ್ಷೇಪ. ನಡೆದದ್ದು ಬೇರೆ. ಸಮಾನತೆಯ ಮೊದಲ ಸೀಸನ್ನಿನಲ್ಲೇ, 2017-18ರಲ್ಲಿ, ಗಂಡಸರ ತಂಡ ಎಂಟನೆಯ ಹಂತದಿಂದ ಏಳನೆಯ ಹಂತಕ್ಕೆ ಬಡ್ತಿ ಪಡೆಯಿತು. ಪತ್ರಿಕೆ, ಟೀವಿ ಎಲ್ಲ ಈ ಊರಿನತ್ತ ತಿರುಗಿದ್ದರಿಂದ ಹೊಸ ಪ್ರಾಯೋಜಕರು ಬಂದರು, ಬೇರೆ ದೇಶಗಳಲ್ಲಿ ಕುಳಿತವರೂ ಕ್ಲಬ್ಬಿನ ಒಡೆಯರಾದರು. ಮಹಿಳಾ ತಂಡದ ಪಂದ್ಯಕ್ಕೆ ಬರುವವರ ಸಂಖ್ಯೆ ಏರಿತು. ರೊಟ್ಟಿಯನ್ನು ಎರಡು ಭಾಗ ಮಾಡಿದಾಗ ರೊಟ್ಟಿಯೇ ಸ್ವಲ್ಪ ದೊಡ್ಡದಾಯಿತು ಎನ್ನಬಹುದು.

ಅರ್ಥಶಾಸ್ತ್ರ ಓದುವವರು ಇಲ್ಲಿ ಒಂದು ಸಣ್ಣ ಪಾಠ ಹೆಕ್ಕಬಹುದು. ಬೇಡಿಕೆ ಕಡಿಮೆ, ಅದಕ್ಕೇ ಹೂಡಿಕೆ ಕಡಿಮೆ ಎಂಬ ವಾದ ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಪಂದ್ಯ ಎಲ್ಲೋ ಮೂಲೆಯ ಮೈದಾನದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಪೋಸ್ಟರ್ ಕೂಡ ಇಲ್ಲದೆ ನಡೆದರೆ ಬೇಡಿಕೆ ಎಲ್ಲಿಂದ ಬರಬೇಕು? ಅಂಗಡಿಯ ಬಾಗಿಲು ಅರ್ಧ ಮುಚ್ಚಿಟ್ಟು ಗಿರಾಕಿ ಬರಲಿಲ್ಲ ಎಂದಂತೆ. ಲೂಯಿಸ್ ಮಾಡಿದ್ದು ಬಾಗಿಲು ಪೂರ್ತಿ ತೆರೆದ ಕೆಲಸ.

ಮೂರನೆಯ ಪ್ರಶ್ನೆ: ಏನು ಸಿಕ್ಕಿತು, ಏನು ಸಿಗಲಿಲ್ಲ?

2018ರಲ್ಲಿ ಇಂಗ್ಲೆಂಡಿನ ಮಹಿಳಾ ಲೀಗುಗಳನ್ನು ಹೊಸದಾಗಿ ಜೋಡಿಸಲಾಯಿತು. ಮೇಲಿನ ಹಂತ ಪೂರ್ಣಾವಧಿ ವೃತ್ತಿಪರ ತಂಡಗಳ ಸೂಪರ್ ಲೀಗ್, ಅದರ ಕೆಳಗೆ ಚಾಂಪಿಯನ್‌ಶಿಪ್. ಕ್ಲಬ್ಬುಗಳು ಅರ್ಜಿ ಹಾಕಿ, ತಮ್ಮ ಸೌಲಭ್ಯಗಳನ್ನು ತೋರಿಸಿ ಪರವಾನಗಿ ಪಡೆಯಬೇಕಿತ್ತು. ಮೂರನೆಯ ಹಂತದಲ್ಲಿದ್ದ ಲೂಯಿಸ್‌ಗೆ ಎರಡನೆಯ ಹಂತದಲ್ಲಿ ಜಾಗ ಸಿಕ್ಕಿತು. ಅದೇ ವರ್ಷ, ಅದೇ ಲೀಗಿಗೆ, ಆಗಷ್ಟೇ ಮಹಿಳಾ ತಂಡ ಕಟ್ಟಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಬಂತು. 17 ಸಾವಿರ ಜನರ ಊರಿನ ಕ್ಲಬ್ಬೂ ಯುನೈಟೆಡ್ಡೂ ಒಂದೇ ಪಟ್ಟಿಯಲ್ಲಿ! ಗಂಡಸರ ಫುಟ್‌ಬಾಲಿನಲ್ಲಿ ಈ ಎರಡು ಕ್ಲಬ್ಬುಗಳ ನಡುವೆ ಆಗ ಆರು ಹಂತಗಳ ಅಂತರ.

ಮನೆಯೊಳಗೆ ಸಮಾನತೆ ತಂದ ಮೇಲೆ ಲೂಯಿಸ್‌ನವರಿಗೆ ಮನೆಯ ಹೊರಗಿನ ಅಸಮಾನತೆ ಇನ್ನೂ ಸ್ಪಷ್ಟವಾಗಿ ಕಾಣಿಸತೊಡಗಿತು. ಎಫ್‌ಎ ಕಪ್ ಇಂಗ್ಲೆಂಡಿನ ಹಳೆಯ ನಾಕೌಟ್ ಪಂದ್ಯಾವಳಿ. ಗಂಡಸರದೂ ಇದೆ, ಹೆಂಗಸರದೂ ಇದೆ. ಎರಡನ್ನೂ ನಡೆಸುವುದು ಅದೇ ಫುಟ್‌ಬಾಲ್ ಅಸೋಸಿಯೇಷನ್. 2018-19ರ ಲೆಕ್ಕ ನೋಡಿ. ಗಂಡಸರ ಕಪ್ ಗೆದ್ದವರಿಗೆ 36 ಲಕ್ಷ ಪೌಂಡ್. ಹೆಂಗಸರ ಕಪ್ ಗೆದ್ದವರಿಗೆ 25 ಸಾವಿರ ಪೌಂಡ್. ಭಾಗಿಸಿ ನೋಡಿದರೆ 144 ಪಟ್ಟು. ಆ ವರ್ಷ ಗಂಡಸರ ಒಟ್ಟು ಬಹುಮಾನದ ಹಣವನ್ನು ದುಪ್ಪಟ್ಟು ಮಾಡಿ 3 ಕೋಟಿ ಪೌಂಡ್‌ಗೂ ಮೇಲೆ ಏರಿಸಿದ್ದರು. ಹೆಂಗಸರ ಪಾಲಿನ ಒಟ್ಟು ಮೊತ್ತ ಸುಮಾರು ಎರಡೂವರೆ ಲಕ್ಷ.

ಲೂಯಿಸ್ ಕ್ಲಬ್ಬು ಅಸೋಸಿಯೇಷನ್ನಿಗೆ ಬಹಿರಂಗ ಪತ್ರ ಬರೆದು, ಬಹುಮಾನದ ಹಣ ಸಮ ಮಾಡಿ ಎಂದು ಕೇಳಿತು. ಮುಂದೆ ಕ್ಲಬ್ಬಿನ ಮುಖ್ಯಸ್ಥೆಯಾದ ಮ್ಯಾಗಿ ಮರ್ಫಿ ಈ ವಿಷಯವನ್ನು ಬಿಡದೆ ಹಿಡಿದು ಮಾತಾಡಿದರು. ಅವರು ಬಂದದ್ದು ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಹಿನ್ನೆಲೆಯಿಂದ. ಹಾಗಾಗಿ ಲೆಕ್ಕಪತ್ರ ಓದೋದು ಅವರಿಗೆ ಹೊಸದೇನಲ್ಲ.

ಈ ಬೇಡಿಕೆಯ ಹಿಂದಿನ ತರ್ಕ ಸರಳ. ಟಿಕೆಟ್ ಮತ್ತು ಪ್ರಾಯೋಜಕರ ಹಣ ಮಾರುಕಟ್ಟೆಯಿಂದ ಬರುತ್ತದೆ, ಅದು ರಾತ್ರೋರಾತ್ರಿ ಸಮ ಆಗುವುದಿಲ್ಲ. ಆದರೆ ಬಹುಮಾನದ ಹಣ ಎಷ್ಟು ಎಂದು ತೀರ್ಮಾನಿಸುವುದು ಒಂದು ಮೇಜಿನ ಸುತ್ತ ಕುಳಿತ ಕೆಲವು ಜನ. ಐವತ್ತು ವರ್ಷ ನೀರು ನಿಲ್ಲಿಸಿದ ಸಂಸ್ಥೆಯೇ ಈಗ "ನಿಮ್ಮ ಗಿಡ ಚಿಕ್ಕದು, ಅದಕ್ಕೆ ಕಡಿಮೆ ನೀರು" ಎನ್ನುವುದು ಯಾವ ನ್ಯಾಯ?

ಬದಲಾವಣೆ ಬಂತು, ನಿಧಾನವಾಗಿ. 2022ರ ಜುಲೈ 31ರಂದು ಇಂಗ್ಲೆಂಡಿನ ಮಹಿಳಾ ತಂಡ ವೆಂಬ್ಲಿಯಲ್ಲಿ 87,192 ಜನರ ಮುಂದೆ ಯುರೋಪಿಯನ್ ಚಾಂಪಿಯನ್ ಆಯಿತು. 2022-23ರ ಸೀಸನ್ನಿಗೆ ಮಹಿಳಾ ಎಫ್‌ಎ ಕಪ್ಪಿನ ಒಟ್ಟು ಬಹುಮಾನವನ್ನು 3 ಲಕ್ಷ ಚಿಲ್ಲರೆಯಿಂದ 30 ಲಕ್ಷ ಪೌಂಡ್‌ಗೆ, ಮುಂದಿನ ಸೀಸನ್ನಿಗೆ 60 ಲಕ್ಷಕ್ಕೆ ಏರಿಸಿದರು. 2022-23ರಲ್ಲಿ ಕಪ್ ಗೆದ್ದ ಹೆಂಗಸರಿಗೆ 1 ಲಕ್ಷ, ಗಂಡಸರಿಗೆ 20 ಲಕ್ಷ. 144 ಪಟ್ಟಿನ ಅಂತರ 20 ಪಟ್ಟಿಗೆ ಇಳಿದಿತ್ತು. ಇದರ ಶ್ರೇಯ ಒಂದೇ ಕ್ಲಬ್ಬಿಗೆ ಕೊಡಲಾಗದು, ಎಷ್ಟೋ ಆಟಗಾರ್ತಿಯರು, ಅಭಿಮಾನಿಗಳು ಕೇಳಿದ್ದರು. ಆದರೆ ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಲೂಯಿಸ್ ಇತ್ತು. ತಾನು ಮಾಡಿ ತೋರಿಸಿದ್ದನ್ನೇ ಬೇರೆಯವರಿಗೆ ಹೇಳಿದ್ದರಿಂದ ಅದರ ಮಾತಿಗೆ ತೂಕವೂ ಇತ್ತು.

ಅದೇ ಸೀಸನ್ನಿನಲ್ಲಿ ಲೂಯಿಸ್ ಹೆಣ್ಣುಮಕ್ಕಳು ಎಫ್‌ಎ ಕಪ್ಪಿನ ಕ್ವಾರ್ಟರ್ ಫೈನಲ್ ತಲುಪಿದರು. 2023ರ ಮಾರ್ಚ್ 19ರಂದು ಡ್ರಿಪ್ಪಿಂಗ್ ಪ್ಯಾನ್‌ಗೆ ಆಡಲು ಬಂದದ್ದು ಮ್ಯಾಂಚೆಸ್ಟರ್ ಯುನೈಟೆಡ್. ಫಲಿತಾಂಶ 3-1, ಗೆದ್ದವರು ಯುನೈಟೆಡ್. ಸೋತರೂ ಒಂದು ಗೋಲು ಹೊಡೆದೇ ಸೋತರು. ಸೂಪರ್ ಲೀಗಿನ ದೊಡ್ಡ ತಂಡವೊಂದು ಮರದ ಗುಡಿಸಲುಗಳ ಪಕ್ಕ, ಹುಲ್ಲಿನ ದಿಬ್ಬದ ಕೆಳಗೆ ಕಪ್ ಪಂದ್ಯ ಆಡಿದ ದಿನ ಅದು.

ಆಮೇಲಿನ ಕಥೆ ಅಷ್ಟು ಸಿಹಿಯಲ್ಲ. ಯುರೋ ಗೆಲುವಿನ ನಂತರ ಮಹಿಳಾ ಫುಟ್‌ಬಾಲಿಗೆ ಹಣ ಹರಿದುಬಂತು. ಆದರೆ ಆ ಹಣ ಹೆಚ್ಚಾಗಿ ಹರಿದದ್ದು ಗಂಡಸರ ಪ್ರೀಮಿಯರ್ ಲೀಗಿನ ಆದಾಯವಿರುವ ಕ್ಲಬ್ಬುಗಳ ಕಾಲುವೆಯಲ್ಲೇ. ಅಂಥ ಕ್ಲಬ್ಬು ಗಂಡಸರ ತಂಡಕ್ಕೆ ಖರ್ಚು ಮಾಡುವುದರಲ್ಲಿ ಸಣ್ಣದೊಂದು ಚೂರನ್ನು ಮಹಿಳಾ ತಂಡಕ್ಕೆ ಕೊಟ್ಟರೂ ಅದು ಲೂಯಿಸ್ ಕೊಡುವ ಸಮಪಾಲಿಗಿಂತ ದೊಡ್ಡದಾಗುತ್ತದೆ. ಅರ್ಧ ರೊಟ್ಟಿ ಕೊಡುವ ಬಡವ, ತುಣುಕು ಕೊಡುವ ಸಾಹುಕಾರ. ಹೊಟ್ಟೆ ತುಂಬುವುದು ಸಾಹುಕಾರನ ತುಣುಕಿನಿಂದಲೇ. ನ್ಯಾಯವಾಗಿ ನಡೆದುಕೊಂಡವರೇ ಅಂಕಪಟ್ಟಿಯಲ್ಲಿ ಕೆಳಗೆ ಉಳಿಯುವ ಪರಿಸ್ಥಿತಿ.

2023ರಲ್ಲಿ ಮಹಿಳಾ ಫುಟ್‌ಬಾಲಿನಲ್ಲಿ ಹಣ ಹೂಡಲೆಂದೇ ಹುಟ್ಟಿದ ಮರ್ಕ್ಯುರಿ 13 ಎಂಬ ಹೂಡಿಕೆದಾರರ ಗುಂಪು ಲೂಯಿಸ್ ಮಹಿಳಾ ತಂಡದ ಬಗ್ಗೆ ಮಾತುಕತೆ ನಡೆಸಿತು. ಒಡೆಯರ ಮುಂದೆ ಕಷ್ಟದ ಪ್ರಶ್ನೆ. ಹೊರಗಿನ ದುಡ್ಡು ಬಂದರೆ ತಂಡ ಮೇಲಿನ ಹಂತದ ಜೊತೆ ಪೈಪೋಟಿ ಮಾಡಬಹುದು. ಆದರೆ ಮಹಿಳಾ ತಂಡದ ಹಿಡಿತ ಹೂಡಿಕೆದಾರರ ಕೈಗೆ ಹೋದರೆ, ಒಬ್ಬರಿಗೊಂದು ವೋಟು ಎಂಬ ಬುನಾದಿಯ ಗತಿ ಏನು? ಗಂಡಸರ ತಂಡ ಮಾತ್ರ ಊರಿನದಾಗಿ ಉಳಿದು ಹೆಂಗಸರ ತಂಡ ಮಾರಾಟವಾದರೆ ಅದೂ ಒಂದು ಬಗೆಯ ಅಸಮಾನತೆಯೇ ಅಲ್ಲವೇ? ಕೊನೆಗೆ ಆ ಮಾತುಕತೆ ಫಲ ಕೊಡದೆ ನಿಂತಿತು.

2023-24ರ ಸೀಸನ್ನಿನ ಕೊನೆಯಲ್ಲಿ ಲೂಯಿಸ್ ಚಾಂಪಿಯನ್‌ಶಿಪ್‌ನಿಂದ ಮೂರನೆಯ ಹಂತಕ್ಕೆ ಇಳಿಯಿತು. ಆರು ಸೀಸನ್ನುಗಳ ಕಾಲ ತನಗಿಂತ ಎಷ್ಟೋ ಪಟ್ಟು ದೊಡ್ಡ ಕ್ಲಬ್ಬುಗಳ ಜೊತೆ ನಿಂತು ಆಡಿದ ಮೇಲೆ.

ಹಾಗಾದರೆ ಇದು ಸೋತ ಪ್ರಯೋಗವೇ?

ಹಾಗೆ ಹೇಳುವವರಿದ್ದಾರೆ. ಅಂಕಪಟ್ಟಿ ಮಾತ್ರ ನೋಡಿದರೆ ಅವರ ಮಾತಿಗೆ ಆಧಾರವೂ ಇದೆ. ನನಗೆ ಬೇರೆ ರೀತಿ ಕಾಣುತ್ತದೆ. ಈ ಇತಿಹಾಸದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ, ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು: ಒಂದು ಸಂಸ್ಥೆ ತನ್ನ ಕೈಲಿರುವ ಹಣವನ್ನು ಸಮವಾಗಿ ಹಂಚಬಹುದೇ? ಹೌದು, ಹಂಚಬಹುದು, ಹಂಚಿದರೆ ಆಕಾಶ ಕಳಚಿ ಬೀಳುವುದಿಲ್ಲ. ಇದನ್ನು ಲೂಯಿಸ್ ಸಾಬೀತು ಮಾಡಿತು. ಎರಡನೆಯದು: ಒಂದು ಸಂಸ್ಥೆ ಒಂಟಿಯಾಗಿ ಸಮಾನವಾಗಿದ್ದರೆ ಇಡೀ ಆಟ ಸಮಾನವಾಗುತ್ತದೆಯೇ? ಇಲ್ಲ. ಬಹುಮಾನ, ಪ್ರಸಾರದ ಹಕ್ಕು, ಲೀಗಿನ ನಿಯಮ ಇವೆಲ್ಲ ಮೇಲಿನವರ ಕೈಯಲ್ಲಿರುತ್ತವೆ. ಅಲ್ಲಿ ಬದಲಾಗದಿದ್ದರೆ ಕೆಳಗೆ ನ್ಯಾಯವಾಗಿ ನಡೆದವರೇ ಅದರ ಬೆಲೆ ತೆರಬೇಕಾಗುತ್ತದೆ. ಮೊದಲನೆಯದು ಮನಸ್ಸಿನ ಪ್ರಶ್ನೆ, ಎರಡನೆಯದು ವ್ಯವಸ್ಥೆಯ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸಿಗುವವರೆಗೂ ಮೊದಲನೆಯದನ್ನು ಮುಂದೂಡೋಣ ಎನ್ನುವುದು ಸುಲಭದ ನೆಪ.

ನಮ್ಮ ಕಡೆ ನೋಡಿದರೆ

2022ರ ಅಕ್ಟೋಬರಿನಲ್ಲಿ ಭಾರತದ ಕ್ರಿಕೆಟ್ ಮಂಡಳಿ ಮಹಿಳೆಯರಿಗೂ ಪುರುಷರಿಗೂ ಒಂದೇ ಪಂದ್ಯ ಶುಲ್ಕ ಎಂದು ಘೋಷಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. ಒಳ್ಳೆಯ ಹೆಜ್ಜೆ. ಆದರೆ ಆಗ ವಾರ್ಷಿಕ ಒಪ್ಪಂದದಲ್ಲಿ ಪುರುಷರ ಮೇಲಿನ ದರ್ಜೆಗೆ 7 ಕೋಟಿ, ಮಹಿಳೆಯರ ಮೇಲಿನ ದರ್ಜೆಗೆ 50 ಲಕ್ಷ. ಮಹಿಳೆಯರಿಗೆ ಸಿಗುವ ಟೆಸ್ಟ್ ಪಂದ್ಯಗಳೇ ಬೆರಳೆಣಿಕೆ. 2024ರ ಮಾರ್ಚಿನಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಆರ್‌ಸಿಬಿ ಮಹಿಳೆಯರು ಕಪ್ ಗೆದ್ದಾಗ ನಾವೆಲ್ಲ ಕುಣಿದೆವು. ಆ ಕಪ್ಪಿನ ಬಹುಮಾನ 6 ಕೋಟಿ, ಅದೇ ವರ್ಷದ ಗಂಡಸರ ಐಪಿಎಲ್ ಗೆದ್ದವರಿಗೆ 20 ಕೋಟಿ. ಸಮಾನತೆ ಎಂಬ ಮಾತು ಕೇಳಿದಾಗ ಲೆಕ್ಕಪುಸ್ತಕದ ಯಾವ ಸಾಲಿನಲ್ಲಿ ಎಂದು ಕೇಳಬೇಕು. ಇದು ಲೂಯಿಸ್ ಕಲಿಸುವ ಪಾಠ.

ಫುಟ್‌ಬಾಲಿಗೇ ಬಂದರೆ, ಭಾರತದ ಮಹಿಳಾ ಲೀಗ್ ಶುರುವಾದದ್ದು 2016-17ರಲ್ಲಿ. 2022-23ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದರ ಫೈನಲ್ ತಲುಪಿ, ಗೋಕುಲಂ ಕೇರಳ ತಂಡಕ್ಕೆ ಸೋತು ಎರಡನೆಯ ಸ್ಥಾನ ಪಡೆಯಿತು. ಕಪ್ ನಮ್ದೇ ಎಂದು ಕೂಗುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಫೈನಲ್ಲಿನ ಸುದ್ದಿ ತಲುಪಿತ್ತು?

ಇನ್ನೂ ಹತ್ತಿರಕ್ಕೆ ಬರೋಣ. ವಿದೇಶದ ವಿಶ್ವವಿದ್ಯಾಲಯಗಳಲ್ಲಿರುವ ನಮ್ಮಂಥ ಕನ್ನಡ ಸಂಘಗಳೂ ಒಂದು ರೀತಿಯಲ್ಲಿ ಲೂಯಿಸ್ ಕ್ಲಬ್ಬಿನ ಹಾಗೆಯೇ. ಸಣ್ಣ ಚಂದಾ, ಒಬ್ಬರಿಗೊಂದು ವೋಟು, ವರ್ಷಕ್ಕೊಮ್ಮೆ ಮಹಾಸಭೆ. ಕ್ರೀಡಾದಿನದ ಖರ್ಚಿನ ಪಟ್ಟಿ ಮೇಜಿನ ಮೇಲೆ ಬಂದಾಗ ಮೈದಾನದ ಬಾಡಿಗೆ, ಆಟದ ಸಮಯ, ಬಹುಮಾನ, ಜರ್ಸಿ ಈ ನಾಲ್ಕು ಸಾಲುಗಳನ್ನು ಹುಡುಗರು ಎಷ್ಟು, ಹುಡುಗಿಯರು ಎಷ್ಟು ಎಂದು ಬೇರೆ ಮಾಡಿ ಓದಿ. "ಹುಡುಗೀರು ಆಡೋಕೆ ಬರಲ್ಲ" ಎಂದು ಯಾರಾದರೂ ಹೇಳಿದರೆ, ಅವರಿಗೆ ಕೊಟ್ಟ ಸಮಯ ಯಾವುದು, ಜಾಗ ಯಾವುದು ಎಂದು ಕೇಳಿ. ನಮ್ಮ ಸಂಘದ ದುಡ್ಡು ಕೆಲವೇ ನೂರು ಪೌಂಡ್ ಇರಬಹುದು, ಆದರೆ ಅದನ್ನು ಹಂಚುವ ಅಧಿಕಾರ ಪೂರ್ತಿ ನಮ್ಮದೇ.

ಚರ್ಚೆಗೆ ಕೆಲವು ಪ್ರಶ್ನೆಗಳು

1. 1921ರ ನಿರ್ಣಯ ಆಟವನ್ನೇ ನಿಷೇಧಿಸದೆ ಮೈದಾನವನ್ನು ಮಾತ್ರ ತಪ್ಪಿಸಿತು. ಇದೇ ರೀತಿ ಬಾಗಿಲು ಮುಚ್ಚದೆ ದಾರಿ ಮುಚ್ಚಿದ ಬೇರೆ ಉದಾಹರಣೆ ನಿಮಗೆ ಗೊತ್ತೇ?

2. ಹೊರಗಿನ ಹೂಡಿಕೆದಾರರ ಪ್ರಶ್ನೆ ಬಂದಾಗ ನೀವು ಲೂಯಿಸ್ ಕ್ಲಬ್ಬಿನ ಒಬ್ಬ ಒಡೆಯರಾಗಿದ್ದರೆ ನಿಮ್ಮ ಒಂದು ವೋಟನ್ನು ಯಾವ ಕಡೆ ಹಾಕುತ್ತಿದ್ದಿರಿ? ಕಾರಣ ಕೊಡಿ.

3. ಬಹುಮಾನದ ಹಣ ಪೂರ್ತಿ ಸಮ ಇರಬೇಕೇ, ಅಥವಾ ಆಟ ತರುವ ಆದಾಯಕ್ಕೆ ತಕ್ಕಂತೆ ಇರಬೇಕೇ? 1920ರ 53 ಸಾವಿರ ಜನರನ್ನು ನೆನಪಿಟ್ಟುಕೊಂಡು ಉತ್ತರಿಸಿ.

4. ಮುಂದಿನ ಮಹಾಸಭೆಯಲ್ಲಿ ನಮ್ಮ ಸಂಘದ ಖರ್ಚಿನ ಯಾವ ಒಂದು ಸಾಲನ್ನು ಬದಲಿಸಲು ನೀವು ಸೂಚಿಸುತ್ತೀರಿ?